ಅಟ್ಟಿಯಿಂದ ಬರುವ ಏಟು

ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಶೆಡ್ಡಿನ ಕಬ್ಬಿಣವೆಲ್ಲ ಸದ್ದು ಮಾಡುತ್ತದೆ. ಹಗಲೆಲ್ಲ ಕಾದ ತಗಡು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತದೆ. ಗೋಡೆಗೆ ಒರಗಿಸಿದ ಪೈಪುಗಳು ಸಣ್ಣಗೆ ನರಳುತ್ತವೆ. ಅದಕ್ಕೆ ನಾವು ಯಾರೂ ತಲೆ ಎತ್ತುವುದಿಲ್ಲ. ಹಿಂದುಗಡೆ ಪೇರಿಸಿಟ್ಟ ಅರವತ್ತೈದರ ಅಟ್ಟಿಯಿಂದ ಬರುವ ಸದ್ದೊಂದು ಮಾತ್ರ ಬೇರೆ. ಅದು ಬಂದಾಗ ಅಮ್ಮ ಒಲೆಯ ಮುಂದೆ ಕೈ ನಿಲ್ಲಿಸುತ್ತಾಳೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸುತ್ತಾನೆ. ಅಣ್ಣ ಬೇಕೆಂದೇ ಜೋರಾಗಿ ಕೆಮ್ಮುತ್ತಾನೆ. ನಾನು ನೋಡುತ್ತಿರುತ್ತೇನೆ.

ಅರವತ್ತೈದು ಎನ್ನುವುದು ಆಂಗಲ್‌ನ ಅಳತೆ, ಮಿಲಿಮೀಟರಿನಲ್ಲಿ. ಆಂಗಲ್ ಎಂದರೆ, ಪುಸ್ತಕವನ್ನು ಅರ್ಧ ತೆರೆದು ನಿಲ್ಲಿಸಿದ ಹಾಗೆ ಮಧ್ಯೆ ಮೂಲೆ ಇರುವ ಉದ್ದನೆಯ ಕಬ್ಬಿಣ. ಸಣ್ಣವು ಕಿಟಕಿ ಚೌಕಟ್ಟಿಗೆ, ಅಂಗಡಿಯ ರ‍್ಯಾಕಿಗೆ ಹೋಗುತ್ತವೆ. ಅದಕ್ಕಿಂತ ದಪ್ಪನೆಯವು ಗೇಟಿಗೆ, ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ. ಅರವತ್ತೈದು ಛಾವಣಿಗೆ. ನಾನು ಚಿಕ್ಕವಳಿದ್ದಾಗ ಅಪ್ಪ ಒಂದು ಕಾಗದವನ್ನು ನಿಲ್ಲಿಸಲು ಹೇಳಿದ. ಅದು ಬಳುಕಿ ಬಿತ್ತು. ಅದನ್ನೇ ಮಧ್ಯಕ್ಕೆ ಮಡಿಚಿ ನಿಲ್ಲಿಸಿದ. ನಿಂತಿತು. "ನೋಡು ಮರಿ, ಮೂಲೆ ಇದ್ದರೆ ಬೆನ್ನು ಬರುತ್ತೆ" ಎಂದ. ಮನೆಯಲ್ಲಿ ನಾನು ಯಾವಾಗಲೂ ಮೂಲೆಯಲ್ಲೇ ಕೂರುತ್ತಿದ್ದೆ. ಆ ಮಾತು ನನ್ನನ್ನು ಹೊಗಳಿದ ಹಾಗೆ ಕೇಳಿಸಿತು.

ಶೆಡ್ಡು ಅಪ್ಪ ಮತ್ತು ದೊಡ್ಡಪ್ಪ ಸೇರಿ ಕಟ್ಟಿದ್ದು. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. ಶಾಲೆ ಬಿಟ್ಟ ಮೇಲೆ ನನಗೆ ಬಣ್ಣದ ಕೆಲಸ ಕೊಟ್ಟರು. ಶಾಲೆಯಲ್ಲಿ ಎದ್ದು ನಿಲ್ಲಿಸಿ ಏನಾದರೂ ಕೇಳಿದರೆ ನನ್ನ ಗಂಟಲು ಕಟ್ಟಿಕೊಳ್ಳುತ್ತಿತ್ತು. ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಕಬ್ಬಿಣ ನನ್ನನ್ನು ಏನೂ ಕೇಳುವುದಿಲ್ಲ. ತಂತಿ ಬ್ರಷ್ಷಿನಲ್ಲಿ ತುಕ್ಕು ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಎನ್ನುವ ಕೆಂಪು ಬಣ್ಣ ಬಳಿಯುವುದು. ಉಗುರಿನ ಸಂದಿಯ ಕೆಂಪು ಈಗ ಸೀಮೆಎಣ್ಣೆಗೂ ಬಗ್ಗುವುದಿಲ್ಲ.

ಬಣ್ಣದ ವಿಷಯದಲ್ಲಿ ಅಪ್ಪನದೊಂದು ಕಟ್ಟುನಿಟ್ಟಿತ್ತು. ಛಾವಣಿಗೆ ಹೋಗುವ ಆಂಗಲ್‌ನ ಎರಡೂ ತುದಿಯಲ್ಲಿ ಒಂದು ಗೇಣು ಬಣ್ಣ ಬಳಿಯಕೂಡದು. ಮೇಲೆ ಏರಿಸಿದ ಆಂಗಲ್ ಅಲ್ಲಾಡದಿರಲಿ ಎಂದು ಮೊದಲು ಒಂದೊಂದು ಚುಕ್ಕೆಯಷ್ಟು ವೆಲ್ಡಿಂಗ್ ಹಾಕುತ್ತಾರೆ. ಅದಕ್ಕೆ ಟ್ಯಾಕ್ ಎನ್ನುತ್ತಾರೆ. ಆಮೇಲೆ ಉದ್ದಕ್ಕೂ ಪೂರ್ತಿ ವೆಲ್ಡಿಂಗ್. ಪೂರ್ತಿ ಆದ ಮೇಲೆಯೇ ಆ ಗೇಣಿಗೆ ಕೆಂಪು. ಹಾಗಾಗಿ ಮೇಲಿರುವವನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು: ತುದಿ ಕಪ್ಪಗಿದ್ದರೆ ಕಾಲಿಡಬೇಡ, ಕೆಂಪಗಿದ್ದರೆ ನಡೆ.

ಇನ್ನೊಂದು, ಏಟಿನ ಭಾಷೆ. ಕಬ್ಬಿಣ ಉಜ್ಜುವ ಗ್ರೈಂಡರ್ ಸದ್ದಿನಲ್ಲಿ ಮೇಲಿನವನ ಕೂಗು ಕೆಳಗೆ ಕೇಳುವುದಿಲ್ಲ, ಆದರೆ ಕಬ್ಬಿಣಕ್ಕೆ ಹೊಡೆದರೆ ಕಂಬದುದ್ದಕ್ಕೂ ಇಳಿದು ಬರುತ್ತದೆ. ಒಂದು ಏಟು ಎಂದರೆ ನಿಲ್ಲಿಸು. ಎರಡು ಎಂದರೆ ಎತ್ತು. ಮೂರು, ಇಳಿಸು. ಕೇಳಿಸಿಕೊಂಡವನು ಅಷ್ಟೇ ಏಟು ತಿರುಗಿ ಹೊಡೆಯಬೇಕು. ತಿರುಗಿ ಬರದಿದ್ದರೆ ಕೇಳಿಲ್ಲ ಎಂದರ್ಥ. ಎಲ್ಲರ ಏಟೂ ಗುಂಯ್ ಎಂದು ಬಹಳ ಹೊತ್ತು ಎಳೆಯುತ್ತಿತ್ತು. ಅಪ್ಪ ಮಾತ್ರ ಹೊಡೆದ ತಕ್ಷಣ ಎಡಗೈ ಅಂಗೈಯನ್ನು ಕಬ್ಬಿಣಕ್ಕೆ ಒತ್ತಿ ಸದ್ದನ್ನು ಅಲ್ಲೇ ಕತ್ತರಿಸುತ್ತಿದ್ದ. ಟಣ್. ಅಷ್ಟೇ. ಒಂದೋ ಎರಡೋ ಎಂದು ಎಣಿಸುವವರಿಗೆ ಗೊಂದಲ ಆಗಬಾರದು ಎನ್ನುತ್ತಿದ್ದ.

ಒಂದು ಗೋದಾಮಿನ ಛಾವಣಿಯ ಮೇಲೆ ಅಪ್ಪ ಸತ್ತ. ಇದರಲ್ಲಿ ಮುಚ್ಚಿಡುವುದೇನಿಲ್ಲ. ದೊಡ್ಡಪ್ಪನೇ ಬಂದು ಅಮ್ಮನ ಮುಂದೆ ಕುಸಿದು ಕೂತು ಹೇಳಿದ. ಅವನು ಕೆಳಗೆ ಚೈನ್ ಪುಲ್ಲಿ ಎಳೆಯುತ್ತಿದ್ದ. ಅರವತ್ತೈದರ ಆಂಗಲ್ ಮೇಲೇರುತ್ತಿತ್ತು. ಅದು ಗಾಳಿಗೆ ತಿರುಗತೊಡಗಿದಾಗ ಅಪ್ಪ ಒಂದು ಏಟು ಹೊಡೆದ. "ನಂಗೆ ಕೇಳಿಸ್ತು ಕಣಮ್ಮ. ಎತ್ತುತ್ತಿರೋ ಆಂಗಲ್ಲೇ ಎಲ್ಲೋ ತಗುಲ್ತು ಅಂದ್ಕೊಂಡೆ. ಎಳೀತಾನೇ ಇದ್ದೆ." ಆಂಗಲ್ ಸುತ್ತಿ ಬಂದು ಅಪ್ಪನ ಪಕ್ಕೆಗೆ ಬಡಿಯಿತು.

ಆ ಆಂಗಲ್ ತಿರುಗಿ ಶೆಡ್ಡಿಗೇ ಬಂತು. ಅದನ್ನು ಮತ್ತೊಂದು ಕೆಲಸಕ್ಕೆ ಬಳಸಲು ಯಾರಿಗೂ ಮನಸ್ಸಾಗದೆ ಅರವತ್ತೈದರ ಅಟ್ಟಿಯ ತಳದಲ್ಲಿ ಉಳಿದುಬಿಟ್ಟಿತು. ಅದರ ಮೇಲೆ ಬೇರೆಯವು ಬರುತ್ತವೆ, ಹೋಗುತ್ತವೆ. ಸದ್ದು ಆಮೇಲೆ ಶುರುವಾದದ್ದು. ಸಂಜೆಗೊಮ್ಮೆ. ಟಣ್. ಎಳೆಯುವುದಿಲ್ಲ. ಯಾರೋ ಅಂಗೈ ಒತ್ತಿದ ಹಾಗೆ ನಿಂತುಬಿಡುತ್ತದೆ.

ಮೊದಲ ಸಲ ಬಂದಾಗ ದೊಡ್ಡಪ್ಪ ಸುತ್ತಿಗೆ ಹಿಡಿದು ಎದ್ದಿದ್ದ, ತಿರುಗಿ ಹೊಡೆಯಲು. ಅಮ್ಮ ಅಡುಗೆ ಕೋಣೆಯಿಂದ ಓಡಿ ಬಂದು ಅವನ ಕೈ ಹಿಡಿದಳು. ಭಾವನ ಎದುರು ತಲೆ ಎತ್ತಿ ಮಾತಾಡದವಳು ಅವಳು. "ಯಾರೂ ಉತ್ತರ ಕೊಡಬೇಡಿ" ಎಂದಳು. ಹೆದರಿದ್ದಾಳೆ ಎಂದುಕೊಂಡೆ. ಸತ್ತವರೊಂದಿಗೆ ಮಾತಿಗೆ ನಿಲ್ಲಬಾರದು ಎನ್ನುವ ಹೆದರಿಕೆ ಯಾರಿಗಿಲ್ಲ. ಅಂದಿನಿಂದ ಯಾರೂ ಹೊಡೆದಿಲ್ಲ. ದೊಡ್ಡಪ್ಪ ಮಾತ್ರ ಆ ಹೊತ್ತಿಗೆ ಬೆರಳುಗಳನ್ನು ಮಡಿಚಿ ಬಿಚ್ಚಿ ಮಾಡುವುದು ನನಗೆ ಕಾಣುತ್ತದೆ.

ಈ ಸಲ ಒಂದು ಸಾಮಿಲ್ಲಿನ ಛಾವಣಿ ಕೆಲಸ ಬಂತು. ದೊಡ್ಡಪ್ಪನ ಕಣ್ಣು ವೆಲ್ಡಿಂಗ್ ಬೆಳಕಿಗೆ ಸವೆದುಹೋಗಿದೆ, ಮೇಲೆ ಹತ್ತಲಾರ. ಮೊದಲ ಬಾರಿಗೆ ಅಣ್ಣನೇ ಮೇಸ್ತ್ರಿ. ಅವನ ಜೊತೆ ಮೇಲೆ ಹತ್ತುವವನು ರೇಡಿಯೋ. ಬಾಯಿ ಮುಚ್ಚದ ಕಾರಣಕ್ಕೆ ಆ ಹೆಸರು, ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು.

ಅಣ್ಣ ಕೆಲಸ ಒಪ್ಪಿಕೊಂಡ ದಿನದಿಂದ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಬೇಡ ಎನ್ನಲೂ ಇಲ್ಲ. ಮನೆಯಲ್ಲಿ ಇರುವ ಗಟ್ಟಿ ಕಾಲು ಅವನೊಬ್ಬನದೇ. ಆ ಕಾಲು ಎಲ್ಲಿ ಊರುತ್ತದೆ ಎನ್ನುವುದರ ಮೇಲೆ ನಮ್ಮೆಲ್ಲರ ಊಟ ನಿಂತಿದೆ. ನನ್ನನ್ನು ಹಿಂದಕ್ಕೆ ಕರೆದು ಹೇಳಿದಳು: "ನೀನೂ ಹೋಗು. ಅವನ ಮೇಲೆ ಕಣ್ಣಿಟ್ಟಿರು. ನೋಡೋದೊಂದು ನಿಂಗೆ ಬರುತ್ತಲ್ಲ."

ಹೊರಡುವ ಮುಂಚೆ ಶೆಡ್ಡಿನಲ್ಲಿ ನಾನು ಆಂಗಲ್‌ಗಳಿಗೆ ಬಣ್ಣ ಬಳಿದು, ಎಂದಿನಂತೆ ತುದಿಯ ಗೇಣು ಬಿಟ್ಟು, ಸಾಲಾಗಿ ಒಣಗಲು ಇಟ್ಟಿದ್ದೆ. ಅಣ್ಣ ಬಂದು ನೋಡಿದ.

"ಏ ಗುಮ್ಮಿ, ಇದೇನೇ? ಎಲ್ಲಾದಕ್ಕೂ ಕಾಲ್ಚೀಲ ಬಿಚ್ಚಿಟ್ಟಿದ್ದೀಯ."

"ಗೇಣು..." ಎಂದೆ.

"ಏನು ಗೇಣು? ಪೂರ್ತಿ ಬಳಿ. ಮೇಲೆ ಹತ್ತಿ ಒಂದೊಂದು ತುದಿಗೂ ಬ್ರಷ್ ಹಿಡ್ಕೊಂಡು ಕೂತ್ರೆ ಮುಂದಿನ ವರ್ಷ ಮುಗಿಯುತ್ತೆ ಕೆಲಸ. ವೆಲ್ಡಿಂಗಿಗೆ ಬಣ್ಣ ಸುಟ್ಟ ಕಡೆ ಆಮೇಲೆ ಒಂದು ಕೈ ಆಡಿಸಿದ್ರಾಯ್ತು."

"ಅಪ್ಪ ಬಿಡ್ತಿದ್ದ."

"ಬಿಟ್ಟು ಏನಾಯ್ತು? ಬದುಕಿದ್ನಾ?"

ದೊಡ್ಡಪ್ಪ ಕಟಿಂಗ್ ಮೆಷಿನ್ನಿನ ಹಿಂದೆ ಬಗ್ಗಿದವನು ಬಗ್ಗಿಯೇ ಇದ್ದ. ಅವನು ಒಂದು ಮಾತು ಗದರಿದ್ದರೆ ಅಣ್ಣ ಕೇಳುತ್ತಿದ್ದನೇನೋ. ಆದರೆ ಅಪ್ಪನ ವಿಷಯ ಬಂದರೆ ದೊಡ್ಡಪ್ಪನಿಗೆ ಗದರುವ ಬಾಯಿಲ್ಲ. ಅಣ್ಣನಿಗೂ ತನ್ನ ಮಾತು ಚುಚ್ಚಿತು ಅಂತ ಕಾಣುತ್ತದೆ, ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡು ತುದಿಗಳಿಗೆಲ್ಲ ತಾನೇ ಬಳಿದ. ಬಳಿಯುವಾಗ ನನ್ನ ಕಡೆ ನೋಡಲಿಲ್ಲ. ಅಂದು ಸಂಜೆ ಅಟ್ಟಿಯ ಸದ್ದು ಬಂದಾಗ ಅವನು ಕೆಮ್ಮುವುದನ್ನೂ ಮರೆತ.

ಸಾಮಿಲ್ಲಿನಲ್ಲಿ ಹಳೆಯ ಗರಗಸ ಒಂದು ಕಡೆ ಕೊಯ್ಯುತ್ತಲೇ ಇತ್ತು. ಇನ್ನೊಂದು ಕಡೆ ನಮ್ಮ ಕೆಲಸ. ಕಂಬಗಳೂ ಅವುಗಳ ಮೇಲಿನ ತ್ರಿಕೋನದ ಟ್ರಸ್ಸುಗಳೂ ಆಗಲೇ ನಿಂತಿದ್ದವು. ಟ್ರಸ್ಸಿನಿಂದ ಟ್ರಸ್ಸಿಗೆ ಅಡ್ಡ ಆಂಗಲ್‌ಗಳನ್ನು ಹಾಕಿ ಆಮೇಲೆ ತಗಡು ಹೊದಿಸಬೇಕು. ಗಾಳಿಯಲ್ಲಿ ಮರದ ಹೊಟ್ಟು ಹಾರಿ ನನ್ನ ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಅಡ್ಡ ಆಂಗಲ್‌ಗಳನ್ನೆಲ್ಲ ಏರಿಸಿ ಟ್ಯಾಕ್ ಹಾಕಿ ಮುಗಿಸಿದರು. ಅಣ್ಣ ಒಂದು ತುದಿಯಿಂದ ಪೂರ್ತಿ ವೆಲ್ಡಿಂಗ್ ಶುರು ಮಾಡಿದ. ನಾನು ಕೆಳಗೆ ಕೂತು ಅವನ ಕಿಡಿ ಎಲ್ಲಿ ಉದುರುತ್ತಿದೆ ಎಂದು ನೋಡುತ್ತಿದ್ದೆ. ಕಿಡಿ ಬಿದ್ದ ಕಡೆ ನೆಲದ ಹೊಟ್ಟು ಕಪ್ಪಾಗುತ್ತಿತ್ತು, ನಾನು ನೀರು ಚಿಮುಕಿಸುತ್ತಿದ್ದೆ. ಮಧ್ಯದ ಟ್ರಸ್ಸಿನ ತನಕ ಬಂದಾಗ ವೆಲ್ಡಿಂಗಿನ ಕರೆಂಟು ಹೋಯಿತು. ಗರಗಸಕ್ಕೆ ಡೀಸೆಲ್ ಇಂಜಿನ್, ಅದು ನಿಲ್ಲಲಿಲ್ಲ.

ಅಣ್ಣ ಊಟಕ್ಕೆ ಇಳಿದ. ರೇಡಿಯೋ ಇಳಿಯಲಿಲ್ಲ. "ನಾನು ಬೆಳಿಗ್ಗೆನೇ ತುಂಬ್ಕೊಂಡು ಬಂದಿದ್ದೀನಪ್ಪ. ನೀವು ಉಣ್ಣೋದು ನೋಡ್ತಾ ಕೂತ್ರೆ ಮತ್ತೆ ಹಸಿವಾಗುತ್ತೆ. ಬಣ್ಣದ ಡಬ್ಬ ಕೊಡೇ ಗುಮ್ಮಿ" ಎಂದು ಹಗ್ಗ ಬಿಟ್ಟ. ನಾನು ಕಟ್ಟಿ ಕಳಿಸಿದೆ. ಅವನು ಟ್ರಸ್ಸಿನ ಮೇಲೆ ಕುದುರೆ ಕೂತ ಹಾಗೆ ಕೂತು, ಜರುಗುತ್ತ ಜರುಗುತ್ತ, ಸುಟ್ಟ ತುದಿಗಳಿಗೆಲ್ಲ ಕೆಂಪು ಹಚ್ಚುತ್ತ ಹೋದ. ಹಾಡು ಬೇರೆ. ಮಧ್ಯದ ಟ್ರಸ್ಸಿನ ಹತ್ತಿರ ನಿಲ್ಲುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ. ಟ್ಯಾಕ್ ಹಾಕಿದ ಕಡೆಯೂ ಬಣ್ಣ ಸುಟ್ಟಿತ್ತಲ್ಲ, ಅಲ್ಲಿಗೂ ಬಳಿದ. ಕೊನೆಯ ಟ್ರಸ್ಸಿನವರೆಗೂ ಎಲ್ಲ ಒಂದೇ ಕೆಂಪಾಯಿತು. ಅವನಿಗೆ ಅದರಲ್ಲಿ ತಪ್ಪು ಕಾಣುವುದಾದರೂ ಹೇಗೆ? ಕೆಂಪಿಗೆ ಅರ್ಥ ಇದ್ದದ್ದು ಗೇಣು ಬಿಡುತ್ತಿದ್ದ ಕಾಲದಲ್ಲಿ.

ಆಮೇಲೆ ಇಳಿದು ಬಂದು ನಲ್ಲಿಯ ಹತ್ತಿರ ಕೈ ತೊಳೆಯಲು ಹೋದ.

ಅಣ್ಣನಿಗೆ ಹೇಳಬೇಕು ಎಂದುಕೊಂಡೆ. ಅವನು ಊಟದ ಡಬ್ಬಿ ಮುಚ್ಚಿ, ಸಾಮಿಲ್ಲಿನವನ ಜೊತೆ ಏನೋ ಲೆಕ್ಕಾಚಾರ ಮಾತಾಡುತ್ತಿದ್ದ. ಹೊರಗಿನವರಿದ್ದಾರೆ, ಹೋದ ಮೇಲೆ ಹೇಳೋಣ ಎಂದು ಕಾದೆ. ಅವರು ಹೋಗುವ ಮುಂಚೆಯೇ ಕರೆಂಟು ಬಂತು. ಅಣ್ಣ ಮಾತು ಅಲ್ಲಿಗೇ ಬಿಟ್ಟು ಏಣಿ ಹತ್ತಿಬಿಟ್ಟ. ದೊಡ್ಡಪ್ಪ ಗ್ರೈಂಡರ್ ಹಚ್ಚಿ ಬೆನ್ನು ತಿರುಗಿಸಿ ಕೂತ.

ಅಣ್ಣ ಮೇಲೆ ನಿಂತು ಸಾಲನ್ನು ನೋಡಿದ. ಎಲ್ಲ ಕೆಂಪು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುವವನ ಹಾಗೆ ಕತ್ತು ಚಾಚಿದ. ಆಮೇಲೆ ವೆಲ್ಡಿಂಗ್ ಹೋಲ್ಡರಿನ ತಂತಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡ ಆಂಗಲ್‌ನ ಬೆನ್ನಿನ ಮೇಲೆ ನಡೆಯತೊಡಗಿದ. ಬೆಕ್ಕಿನ ಹಾಗೆ ನಡೆಯುತ್ತಾನೆ ಅವನು, ಅಪ್ಪನದೇ ನಡಿಗೆ. ಮಧ್ಯದ ಟ್ರಸ್ಸನ್ನು ಮುಟ್ಟಿದ.

ಅದರಾಚೆ ಇರುವುದೆಲ್ಲ ಬರೀ ಟ್ಯಾಕ್. ಅದೂ ಬಣ್ಣದ ಮೇಲೆ ಇಟ್ಟ ಟ್ಯಾಕ್. ಬಣ್ಣದ ಮೇಲೆ ವೆಲ್ಡಿಂಗ್ ಕಚ್ಚುವುದಿಲ್ಲ, ಅಂಟಿದ ಹಾಗೆ ಕಾಣುತ್ತದೆ.

ನಾನು ಬಾಯಿ ತೆರೆದೆ. "ಅಣ್ಣ" ಎನ್ನುವುದು ಎಷ್ಟು ಸಣ್ಣ ಮಾತು. ಬರಲಿಲ್ಲ. ಶಾಲೆಯಲ್ಲಿ ಎದ್ದು ನಿಂತ ಹಾಗೆ, ಎಲ್ಲರೂ ನೋಡುತ್ತಿರುವ ಹಾಗೆ, ಗಂಟಲು ಕಟ್ಟಿತು. ಬಂದಿದ್ದರೂ ಗರಗಸದ ಸದ್ದಿನಲ್ಲಿ ಅದು ನನ್ನ ಕಿವಿಗೇ ಮುಟ್ಟುತ್ತಿರಲಿಲ್ಲ. ಅಣ್ಣ ಬಲಗಾಲು ಎತ್ತಿದ.

ಕಂಬದ ಬುಡದಲ್ಲಿ ವೆಲ್ಡಿಂಗಿನ ಸಿಪ್ಪೆ ಉದುರಿಸುವ ದೊಡ್ಡಪ್ಪನ ಚಿಪ್ಪಿಂಗ್ ಸುತ್ತಿಗೆ ಬಿದ್ದಿತ್ತು. ಎತ್ತಿಕೊಂಡೆ. ಕಂಬಕ್ಕೆ ಒಂದು ಏಟು ಹೊಡೆದೆ. ಅಂಗೈ ಒತ್ತಿ ಹಿಡಿದೆ. ಯಾಕೆ ಒತ್ತಿದೆನೋ, ನನಗೆ ಯಾರೂ ಕಲಿಸಿರಲಿಲ್ಲ.

ಕಬ್ಬಿಣ ಅಂಗೈ ಕೆಳಗೆ ತಣ್ಣಗಿತ್ತು. ಉರಿ ಬಿಸಿಲಿನಲ್ಲಿ ನಿಂತ ಕಂಬ, ಆದರೂ ತಣ್ಣಗಿತ್ತು. ಆಮೇಲೆ ಮೇಲಿನಿಂದ ಉತ್ತರ ಬಂತು. ಒಂದೇ ಏಟು. ಕಿವಿಗಿಂತ ಹೆಚ್ಚಾಗಿ ಅಂಗೈಗೆ ಬಂತು. ಟಣ್. ಎಳೆಯಲಿಲ್ಲ. ಅಲ್ಲೇ ನಿಂತಿತು.

ತಲೆ ಎತ್ತಿದೆ. ಅಣ್ಣ ಎರಡೂ ಕೈಯಲ್ಲಿ ಟ್ರಸ್ಸನ್ನು ತಬ್ಬಿಕೊಂಡು ನಿಂತಿದ್ದ. ಅವನ ಸುತ್ತಿಗೆ ಕೆಳಗೆ ಚೀಲದಲ್ಲಿತ್ತು, ನನ್ನ ಪಕ್ಕದಲ್ಲೇ.

ದೊಡ್ಡಪ್ಪ ಗ್ರೈಂಡರ್ ನಿಲ್ಲಿಸಿ ಎದ್ದಿದ್ದ. "ಯಾರು ಹೊಡೆದದ್ದು?" ಎಂದ.

ನಾನು ಸುತ್ತಿಗೆ ತೋರಿಸಿದೆ. ಅವನು ಅದನ್ನು ನೋಡಲಿಲ್ಲ. ಮೇಲೆ ನೋಡಿದ. "ನೀನಲ್ಲ. ಆಮೇಲಿಂದು."

ಅಣ್ಣನನ್ನು ಅಲ್ಲಿಂದಲೇ ಹಿಂದಕ್ಕೆ ಬರಿಸಿದರು. ದೊಡ್ಡಪ್ಪ ಸಾಮಿಲ್ಲಿನಿಂದ ಉದ್ದನೆಯ ಗಳವೊಂದನ್ನು ತಂದು, ಎಲ್ಲರನ್ನೂ ದೂರ ನಿಲ್ಲಿಸಿ, ಮಧ್ಯದ ಟ್ರಸ್ಸಿನಾಚೆಯ ಮೊದಲ ಅಡ್ಡ ಆಂಗಲ್ಲನ್ನು ಕೆಳಗಿನಿಂದ ತಿವಿದ. ಒಂದು ತುದಿ ಪಟ್ಟೆಂದು ಬಿಟ್ಟಿತು. ಆಂಗಲ್ ಒಂದಿಷ್ಟು ಹೊತ್ತು ಇನ್ನೊಂದು ತುದಿಯಿಂದ ನೇತಾಡಿ, ಅದೂ ಬಿಟ್ಟು, ನೆಲಕ್ಕೆ ಬಂದು ನಿಗುರಿ, ಹೊಟ್ಟಿನ ರಾಶಿಯ ಮೇಲೆ ಅಡ್ಡ ಬಿತ್ತು. ಟ್ಯಾಕ್ ಇದ್ದ ಕಡೆ ಗುಂಡಗೆ ಒಂದು ಚಿಪ್ಪು ಎದ್ದುಹೋಗಿತ್ತು. ಅದರ ಕೆಳಗೆ ನಮ್ಮ ಕೆಂಪು ಹಾಗೇ ಹೊಳೆಯುತ್ತಿತ್ತು.

ನಲ್ಲಿಯಿಂದ ಬಂದ ರೇಡಿಯೋ ಕೈಯಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಂತಿದ್ದ. "ನಾನು... ಸುಮ್ನೆ ಕೂರೋದ್ಯಾಕೆ ಅಂತ..." ಎಂದ. ಅವನಿಗೂ ಗಂಟಲು ಕಟ್ಟುತ್ತದೆ ಎಂದು ಅವತ್ತು ಗೊತ್ತಾಯಿತು.

ದಾರಿಯಲ್ಲಿ ಟೆಂಪೋದ ಹಿಂದೆ ಕೂತು ಅಣ್ಣ ನನ್ನನ್ನು ಕೇಳಿದ, "ಎಲ್ಲಿ ಹೊಡೆದೆ ನೀನು?"

"ಕೆಳಗೆ. ಕಂಬಕ್ಕೆ."

"ಸುಳ್ಳು. ಗರಗಸದ ಗಲಾಟೇಲಿ ಅದೆಲ್ಲಿ ಕೇಳುತ್ತೆ? ನನ್ನ ಕಿವಿ ಪಕ್ಕದಲ್ಲೇ ಹೊಡೆದ ಹಾಗಿತ್ತು. ಟ್ರಸ್ ಮೇಲೆ. ತಿರುಗಿ ನೋಡಿದೆ, ಅದಕ್ಕೇ ನಿಂತೆ."

"ಎಷ್ಟು ಏಟು?"

"ಒಂದೇ."

ನನಗೆ ಕೇಳಿಸಿದ್ದು ಎರಡು, ನನ್ನದೊಂದು ಸೇರಿ. ಅಣ್ಣ ತನ್ನ ಚಪ್ಪಲಿಗೆ ಅಂಟಿದ್ದ ಕೆಂಪನ್ನು ಉಗುರಿನಿಂದ ಕೆರೆದ. "ಅವತ್ತು ಬ್ರಷ್ ಕಿತ್ಕೊಂಡೆನಲ್ಲ..." ಎಂದ. ಅಲ್ಲಿಗೇ ನಿಲ್ಲಿಸಿ ನನ್ನ ತಲೆಗೊಂದು ಮೊಟಕಿದ. ಅವನಿಗೆ ಬರುವ ಪ್ರೀತಿ ಅಷ್ಟೇ.

ಮನೆಗೆ ಬಂದು ಅಮ್ಮನಿಗೆ ಯಾರು ಹೇಳಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ದೊಡ್ಡಪ್ಪ ಹೇಳಿದ. ಅಮ್ಮ ಎದ್ದು ಅಣ್ಣನ ಎರಡೂ ಕಾಲನ್ನು ಮಂಡಿಯಿಂದ ಪಾದದವರೆಗೆ ಸವರಿ ನೋಡಿದಳು, ಸಂತೆಯಲ್ಲಿ ದನ ಕೊಳ್ಳುವವರ ಹಾಗೆ. ಅಳಲಿಲ್ಲ. ಒಲೆಯ ಮುಂದೆ ಹೋಗಿ ಕೂತು ಶೆಡ್ಡಿನ ಕಡೆ ಕಿವಿ ಕೊಟ್ಟಳು.

ತಗಡು ತಣ್ಣಗಾಗತೊಡಗಿತು. ಟಿಕ್ ಟಿಕ್. ಪೈಪುಗಳು ನರಳಿದವು. ಅಟ್ಟಿ ಸುಮ್ಮನಿತ್ತು. ದಿನಾ ಬರುವ ಹೊತ್ತು ಮೀರಿತು. ಅಮ್ಮ ತಪ್ಪಲೆಯ ಮುಚ್ಚಳದ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು. ಅಣ್ಣ ಕೆಮ್ಮಲಿಲ್ಲ. ಮಧ್ಯಾಹ್ನದ್ದೇ ಕೊನೆಯೇನೋ, ಅಲ್ಲಿ ಆ ಛಾವಣಿಯ ಮೇಲೆ ಕೆಲಸ ಮುಗಿಸಿ ಅಪ್ಪ ಹೊರಟೇ ಹೋದನೇನೋ.

ಟಣ್.

ಅಮ್ಮ ಉಸಿರು ಬಿಟ್ಟಳು.

ದೊಡ್ಡಪ್ಪ ಎದ್ದ. ಅವನ ಕೈಯಲ್ಲಿ ಸುತ್ತಿಗೆಯಿತ್ತು. ಎಷ್ಟು ಹೊತ್ತಿನಿಂದ ಹಿಡಿದಿದ್ದನೋ. "ಇವತ್ತಾದ್ರೂ ಬಿಡಮ್ಮ" ಎಂದ. "ಅವನು ಇವತ್ತು ಈ ಹುಡುಗಿಗೆ ಉತ್ತರ ಕೊಟ್ಟ. ನಾನು ಅವನಿಗೆ ಕೊಟ್ಟಿಲ್ಲ. ಒಂದೇ ಒಂದು ಏಟು. ಕೇಳಿಸ್ತು ಕಣೋ ಅಂತ ಹೇಳಬೇಕು. ಆಮೇಲೆ ನಂಗೆ ನಿದ್ದೆ ಬರುತ್ತೆ."

"ನಿಮ್ಮ ಸಂಕಟ ನಂಗೆ ಗೊತ್ತು ಭಾವ."

"ಮತ್ತೆ ಯಾಕೆ ತಡೀತೀಯ? ಹೆದರಿಕೆನಾ?"

"ಅವರಿಗೆ ನಾನು ಹೆದರ್ತೀನಾ?" ಎಂದಳು ಅಮ್ಮ. ಅವಳ ದನಿ ಮೆತ್ತಗಿತ್ತು. "ತಿರುಗಿ ಹೊಡೆದ್ರೆ, ಸರಿ ಕೇಳಿಸ್ತು ಅಂತ ಇಳಿದು ಹೋಗ್ತಾರೆ. ಅವರು ಅಂಥವರೇ, ಉತ್ತರ ಬಂದ ಮೇಲೆ ಒಂದು ಗಳಿಗೆ ನಿಲ್ಲೋರಲ್ಲ. ಇವನು ಇನ್ನೂ ಮೇಲೆ ಹತ್ತೋನು ಭಾವ. ನಾಳೆನೂ ಹತ್ತುತ್ತಾನೆ. ಅವರು ಅಲ್ಲೇ ಕಾಯ್ತಿರಲಿ."

ಇಷ್ಟು ದಿನ ಅವಳು ಹೆದರಿದ್ದಾಳೆ ಎಂದುಕೊಂಡಿದ್ದೆ. ನೋಡುವುದೊಂದು ನನಗೆ ಬರುತ್ತದೆ ಎಂದವಳು ಅವಳೇ. ನನ್ನ ಕಣ್ಣಿಗೂ ಕಾಣದ ಹಾಗೆ ಅವಳು ಅಪ್ಪನನ್ನು ಹಿಡಿದಿಟ್ಟುಕೊಂಡಿದ್ದಳು.

ದೊಡ್ಡಪ್ಪ ನಿಂತೇ ಇದ್ದ. ಅಮ್ಮ ಬೇಡಿಕೊಳ್ಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಅವನಿಗೆ ಬಿಟ್ಟಳು. ಅವನು ಅಣ್ಣನ ಕಾಲುಗಳನ್ನು ನೋಡಿದ. ಸುತ್ತಿಗೆಯನ್ನು ಗೂಡಿನಲ್ಲಿಟ್ಟು, ಕನ್ನಡಕ ತೆಗೆದು, ಒರೆಸದೆ ಹಾಗೇ ಕೈಯಲ್ಲಿ ಹಿಡಿದು ಕೂತ.

ಅಮ್ಮ ಮುಚ್ಚಳ ತೆಗೆದು ಎಲ್ಲರಿಗೂ ಬಡಿಸಿದಳು. ತಾನೂ ಉಂಡಳು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಶೆಡ್ಡಿನಲ್ಲಿ ಬ್ರಷ್ಷಿನ ಸದ್ದು ಕೇಳುತ್ತಿತ್ತು. ಅಣ್ಣ ನೆಲದಲ್ಲಿ ಕೂತು, ಏರಿಸದೆ ಶೆಡ್ಡಿನಲ್ಲೇ ಉಳಿದಿದ್ದ ಆಂಗಲ್‌ಗಳ ತುದಿಯಿಂದ ಬಣ್ಣ ಕೆರೆಯುತ್ತಿದ್ದ. ಗೇಣು ಹಾಕಿ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದ. ಕೈಗೆ, ಹುಬ್ಬಿಗೆ, ಅಂಗಿಗೆ ಕೆಂಪು ಪುಡಿ. ಇನ್ನೊಂದು ಬ್ರಷ್ಷನ್ನು ನನ್ನ ಕಡೆ ನೂಕಿದ. ನಾನು ಎದುರಿಗೆ ಕೂತೆ.

"ನಿನ್ನ ಗೇಣು ಚಿಕ್ಕದು" ಎಂದ. "ನಂದರಲ್ಲಿ ಅಳೆ."

ಅವನ ಕೈಯನ್ನು ಆಂಗಲ್ ಮೇಲೆ ಚಾಚಿ ಇಟ್ಟ. ಅಪ್ಪನದೇ ಕೈ. ಅಂಗೈಯನ್ನು ಕಬ್ಬಿಣಕ್ಕೆ ಪೂರ್ತಿ ಒತ್ತಿದ್ದ. ಅಟ್ಟಿಯ ಕಡೆ ನಾವಿಬ್ಬರೂ ನೋಡಲಿಲ್ಲ.